ಮುಟ್ಟುವುದು ಒಂದು ಟ್ಯಾಗ್, ಉಳಿದದ್ದು ಇದ್ದ ಹಾಗೇ

ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಹಳೆಯ ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ (ಪ್ರತಿ ಮಾಹಿತಿಯನ್ನೂ ಹೆಸರಿರುವ ಟ್ಯಾಗ್ ಒಳಗೆ ಇಡುವ ಪಠ್ಯದ ಫೈಲ್‌ಗಳು) ಹಳೆಯ ಕಾಗುಣಿತ ಹುಡುಕಿ ಹೊಸದನ್ನು ತುಂಬುವುದು ಎಡಿಟರ್‌ನಲ್ಲಿ ಒಂದು ನಿಮಿಷದ ಕೆಲಸ. ತೊಂದರೆ ಏನೆಂದರೆ, 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ಇಲ್ಲಿನ ಅರೇಬಿಕಾ ಕಾಫಿಯ ನೋಂದಾಯಿತ ಹೆಸರಿನಲ್ಲಿರುವುದು ಹಳೆಯ ಕಾಗುಣಿತವೇ. ಅಂದರೆ ಜಿಲ್ಲೆಯ ಟ್ಯಾಗ್ ಒಳಗಿನದು ಬದಲಾಗಬೇಕು, ಕಾಫಿಯ ಹೆಸರಿನ ಟ್ಯಾಗ್ ಒಳಗಿನದು ಬದಲಾಗಕೂಡದು. ಎಡಿಟರ್‌ಗೆ ಎರಡೂ ಬರೀ ಅಕ್ಷರಗಳ ಸಾಲು. ಯಾವುದು ಯಾವ ಟ್ಯಾಗ್‌ನ ಮಗು ಎಂದು ತಿಳಿದು ಕೆಲಸ ಮಾಡುವ ಸಲಕರಣೆಯೇ ಬೇಕು. ಎಕ್ಸ್‌ಎಂಎಲ್ ಫೈಲ್‌ಗಳನ್ನು ಬದಲಾಯಿಸುವ ಭಾಷೆ ಎಕ್ಸ್‌ಎಸ್‌ಎಲ್‌ಟಿ ಇರುವುದು ಅದಕ್ಕೆ. ಮೊದಲ ಆವೃತ್ತಿ ಬಂದದ್ದು 1999ರ ನವೆಂಬರ್‌ನಲ್ಲಿ, 2.0 ಬಂದದ್ದು 2007ರಲ್ಲಿ, 3.0 ಬಂದದ್ದು 2017ರಲ್ಲಿ. ಇಲ್ಲಿ ಹೇಳುವ ಬಹುಪಾಲು ಕೆಲಸಕ್ಕೆ 1999ರದ್ದೇ ಸಾಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕೆಳಗೆ ಟೆಂಪ್ಲೇಟ್, ಕಾಪಿ, ಮ್ಯಾಚ್, ನೋಡ್, ನಂಬರ್ ಇತ್ಯಾದಿ ಆದೇಶಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಫೈಲ್‌ನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ, ಸಣ್ಣಕ್ಷರದಲ್ಲೇ ಇರಬೇಕು. ಡೇಟಾದ ಟ್ಯಾಗ್‌ಗಳು ಹಾಗಲ್ಲ: ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್ ಹೆಸರು ಕನ್ನಡದಲ್ಲಿ ಇರಬಹುದು, ಪೂರ್ತಿ ಸಿಂಧು.

ಉದಾಹರಣೆಗೆ ತೋಟದ ಮಳೆ ಪುಸ್ತಕ ತೆಗೆದುಕೊಳ್ಳೋಣ. ಮೂಡಿಗೆರೆ, ಸಕಲೇಶಪುರ, ಕೊಪ್ಪ ಕಡೆ ಇಂದಿಗೂ ಮಳೆಯ ಲೆಕ್ಕ ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು, ಒಂದು ಇಂಚು ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರ್‌ನಲ್ಲಿ. ಎರಡನ್ನೂ ಅಕ್ಕಪಕ್ಕ ಇಡಬೇಕಾದರೆ ಮಳೆಯ ಅಂಕಿ ಮಾತ್ರ ಬದಲಾಗಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಬರೆದ ಟಿಪ್ಪಣಿ, ದಿನಾಂಕ, ಬ್ಲಾಕ್ ಹೆಸರು, ನಡುವೆ ಸೇರಿಸಿದ ಕಮೆಂಟ್ ಯಾವುದೂ ಅಲುಗಬಾರದು.

```
<ಮಳೆಪುಸ್ತಕ>
  <!-- ಗೇಜ್ ಜುಲೈ 10ಕ್ಕೆ ಬದಲಾಯಿಸಿದೆ -->
  <ದಿನ ದಿನಾಂಕ="2024-07-15">
    <ಮಳೆ ಅಳತೆ="ಇಂಚು">2.35</ಮಳೆ>
    <ಟಿಪ್ಪಣಿ>ಗೊಬ್ಬರ <ಒತ್ತು>ಹಾಕಿಲ್ಲ</ಒತ್ತು>, 2.35 ಆದಮೇಲೆ ನಿಲ್ಲಿಸಿದೆ</ಟಿಪ್ಪಣಿ>
  </ದಿನ>
  <ದಿನ ದಿನಾಂಕ="2024-07-16">
    <ಮಳೆ ಅಳತೆ="ಇಂಚು">1-5</ಮಳೆ>
  </ದಿನ>
  <ದಿನ ದಿನಾಂಕ="2024-07-17">
    <ಮಳೆ ಅಳತೆ="ಇಂಚು">ಸೋನೆ</ಮಳೆ>
  </ದಿನ>
</ಮಳೆಪುಸ್ತಕ>
```

ಟಿಪ್ಪಣಿಯೊಳಗೂ ಒಂದು 2.35 ಕೂತಿದೆ ನೋಡಿ. ಅದು ರೈಟರ್‌ನ ಮಾತು, ಅಳತೆಯ ಅಂಕಣವಲ್ಲ.

ಹೊಸಬರು ಮೊದಲು ಮಾಡುವುದು ಮಳೆಗೆ ಒಂದು ಟೆಂಪ್ಲೇಟ್ (ಇಂಥದ್ದು ಸಿಕ್ಕರೆ ಹೀಗೆ ಬರೆ ಎಂಬ ನಿಯಮ) ಬರೆದು ಓಡಿಸುವುದು. ಬರುವ ಫಲಿತಾಂಶದಲ್ಲಿ ಆ ಟೆಂಪ್ಲೇಟೇ ಬರೆದದ್ದು ಬಿಟ್ಟರೆ ಒಂದು ಟ್ಯಾಗ್ ಕೂಡ ಇರುವುದಿಲ್ಲ. ಟಿಪ್ಪಣಿ, ಅಂಕಿ ಎಲ್ಲ ಒಂದೇ ರಾಶಿಯಾಗಿ ಸುರಿದಿರುತ್ತದೆ. ಇದು ದೋಷವಲ್ಲ. ಯಾವ ಟೆಂಪ್ಲೇಟೂ ಹೊಂದದ ಕಡೆ ಎಕ್ಸ್‌ಎಸ್‌ಎಲ್‌ಟಿಗೆ ತನ್ನದೇ ನಿಯಮವಿದೆ: ಎಲಿಮೆಂಟ್ (ಟ್ಯಾಗ್ ಮತ್ತು ಅದರೊಳಗಿನದು) ಸಿಕ್ಕರೆ ಟ್ಯಾಗ್ ಬಿಟ್ಟು ಒಳಗೆ ಇಳಿ, ಪಠ್ಯ ಸಿಕ್ಕರೆ ಬರೆ, ಕಮೆಂಟ್ ಸಿಕ್ಕರೆ ಬಿಡು. ನಾವು ಸುಮ್ಮನಿದ್ದರೆ ಅದು ಸುಮ್ಮನಿರುವುದಿಲ್ಲ. "ಇದ್ದ ಹಾಗೇ ಇರಲಿ" ಎನ್ನುವುದನ್ನೂ ನಾವೇ ಬರೆದು ಹೇಳಬೇಕು, ಅದನ್ನೇ ಮೊದಲು ಹೇಳಬೇಕು:

```
<ಎಕ್ಸ್ಎಸ್ಎಲ್:ಟೆಂಪ್ಲೇಟ್ ಮ್ಯಾಚ್="@*|ನೋಡ್()">
  <ಎಕ್ಸ್ಎಸ್ಎಲ್:ಕಾಪಿ>
    <ಎಕ್ಸ್ಎಸ್ಎಲ್:ಅಪ್ಲೈ-ಟೆಂಪ್ಲೇಟ್ಸ್ ಸೆಲೆಕ್ಟ್="@*|ನೋಡ್()"/>
  </ಎಕ್ಸ್ಎಸ್ಎಲ್:ಕಾಪಿ>
</ಎಕ್ಸ್ಎಸ್ಎಲ್:ಟೆಂಪ್ಲೇಟ್>
```

ಇದಕ್ಕೆ ಐಡೆಂಟಿಟಿ ಟೆಂಪ್ಲೇಟ್ ಎನ್ನುತ್ತಾರೆ. ಕೈಗೆ ಸಿಕ್ಕ ನೋಡ್ (ಎಲಿಮೆಂಟ್, ಪಠ್ಯ, ಕಮೆಂಟ್ ಮುಂತಾದ ತುಣುಕು) ಯಾವುದೇ ಆಗಿರಲಿ, ಅದರ ತೊಗಟೆಯನ್ನಷ್ಟೇ ನಕಲು ಮಾಡಿ, ಒಳಗಿರುವ ಪ್ರತಿಯೊಂದನ್ನೂ ಮತ್ತೆ ಟೆಂಪ್ಲೇಟ್‌ಗಳ ಮುಂದೆ ಹಿಡಿಯುತ್ತದೆ. ಹಾಗೆ ಒಂದೊಂದನ್ನೂ ಹಿಡಿಯುವುದರಿಂದಲೇ ನಡುವೆ ನಮ್ಮ ಬೇರೆ ಟೆಂಪ್ಲೇಟ್ ಕೈಹಾಕಲು ಜಾಗ ಸಿಗುತ್ತದೆ. ಕಾಪಿ ಬದಲು ಕಾಪಿ-ಆಫ್ ಬರೆದರೆ ಬುಡದಿಂದ ತುದಿವರೆಗೆ ಒಂದೇ ಏಟಿಗೆ ನಕಲಾಗಿಬಿಡುತ್ತದೆ, ಒಳಗಿನ ಟೆಂಪ್ಲೇಟ್ ಯಾವುದೂ ಏಳುವುದಿಲ್ಲ. "ಟೆಂಪ್ಲೇಟ್ ಸರಿಯಾಗಿದೆ, ಆದರೂ ಏನೂ ಬದಲಾಗುತ್ತಿಲ್ಲ" ಎಂದಾಗ ಮೊದಲು ನೋಡಬೇಕಾದ್ದು ಇದನ್ನೇ.

ಆ ಐದು ಸಾಲನ್ನು ಬಾಯಿಪಾಠ ಬರೆಯುವಾಗ ತಪ್ಪುವುದು ಎರಡು ಕಡೆ. ಸೆಲೆಕ್ಟ್ ಬಿಟ್ಟುಬಿಟ್ಟರೆ ಅದರ ಅರ್ಥ ಮಕ್ಕಳು ಮಾತ್ರ ಎಂದಾಗುತ್ತದೆ. ಆಟ್ರಿಬ್ಯೂಟ್ (ತೆರೆಯುವ ಟ್ಯಾಗ್ ಒಳಗೇ ಹೆಸರು, ಸಮ ಚಿಹ್ನೆ, ಬೆಲೆ ಎಂದು ಬರೆದದ್ದು) ಎಲಿಮೆಂಟಿನ ಮಗುವಲ್ಲ, ಹಾಗಾಗಿ ದಿನಾಂಕವೂ ಅಳತೆಯೂ ಸದ್ದಿಲ್ಲದೆ ಮಾಯ. ಮ್ಯಾಚ್‌ನಲ್ಲಿ ನೋಡ್() ಬದಲು ಬರೀ ನಕ್ಷತ್ರ ಚಿಹ್ನೆ ಬರೆದರೆ ಎಲಿಮೆಂಟ್ ಉಳಿಯುತ್ತದೆ, ಗೇಜ್ ಬದಲಾಯಿಸಿದ ಕಮೆಂಟ್ ಹೋಗುತ್ತದೆ. ಎರಡೂ ಸಲ ಎಚ್ಚರಿಕೆಯ ಒಂದು ಸಾಲೂ ತೆರೆಯ ಮೇಲೆ ಬರುವುದಿಲ್ಲ.

3.0 ಇದ್ದವರಿಗೆ ಇಷ್ಟೂ ಬೇಡ. ಮೋಡ್ ಎಂಬ ಒಂದೇ ಸಾಲಿನ ಘೋಷಣೆಯಲ್ಲಿ ಆನ್-ನೋ-ಮ್ಯಾಚ್‌ಗೆ ಶ್ಯಾಲೋ-ಕಾಪಿ ಎಂದು ಕೊಟ್ಟರೆ ಅದೇ ಕೆಲಸ. ಒಂದಕ್ಕಿಂತ ಹೆಚ್ಚು ಮೋಡ್ (ಟೆಂಪ್ಲೇಟ್‌ಗಳ ಬೇರೆಬೇರೆ ಗುಂಪು) ಬಳಸುತ್ತಿದ್ದರೆ ಪ್ರತಿ ಮೋಡ್‌ಗೂ ಬೇರೆಬೇರೆಯಾಗಿ ಹೇಳಬೇಕು. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಅಂಟುವುದಿಲ್ಲ.

ಈಗ ಮಳೆ. ಬರೀ ಮಳೆ ಎಂದು ಹೊಂದಿಸಿದರೆ ಕೆಲಸ ಆಗುತ್ತದೆ, ಒಂದು ಸಲ. ಎರಡನೇ ಸಲ ಅಪ್ಪಿತಪ್ಪಿ ಓಡಿಸಿದರೆ 2.35 ಇಂಚು ಮೊದಲು 59.7 ಆಗಿ, ಆಮೇಲೆ 1516.4 ಆಗುತ್ತದೆ. ಒಂದೇ ದಿನದಲ್ಲಿ ಅಷ್ಟು ಮಳೆ ಆಗುಂಬೆಯ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಅದಕ್ಕೇ ಷರತ್ತು ಹಾಕುವುದು: ಅಳತೆ ಇಂಚು ಎಂದಿದ್ದರೆ ಮಾತ್ರ ಮುಟ್ಟು, ಮುಟ್ಟಿದ ಮೇಲೆ ಅಳತೆಯನ್ನೂ ಬದಲಾಯಿಸು. ಆಗ ಹತ್ತು ಸಲ ಓಡಿಸಿದರೂ ಫಲಿತಾಂಶ ಒಂದೇ.

```
<ಎಕ್ಸ್ಎಸ್ಎಲ್:ಟೆಂಪ್ಲೇಟ್ ಮ್ಯಾಚ್="ಮಳೆ[@ಅಳತೆ='ಇಂಚು'][ನಂಬರ್(.)=ನಂಬರ್(.)]">
  <ಎಕ್ಸ್ಎಸ್ಎಲ್:ಕಾಪಿ>
    <ಎಕ್ಸ್ಎಸ್ಎಲ್:ಅಪ್ಲೈ-ಟೆಂಪ್ಲೇಟ್ಸ್ ಸೆಲೆಕ್ಟ್="@*"/>
    <ಎಕ್ಸ್ಎಸ್ಎಲ್:ಆಟ್ರಿಬ್ಯೂಟ್ ನೇಮ್="ಅಳತೆ">ಮಿಮೀ</ಎಕ್ಸ್ಎಸ್ಎಲ್:ಆಟ್ರಿಬ್ಯೂಟ್>
    <ಎಕ್ಸ್ಎಸ್ಎಲ್:ವ್ಯಾಲ್ಯೂ-ಆಫ್ ಸೆಲೆಕ್ಟ್="ಫಾರ್ಮ್ಯಾಟ್-ನಂಬರ್(ನಂಬರ್(.) * 25.4, '0.0')"/>
  </ಎಕ್ಸ್ಎಸ್ಎಲ್:ಕಾಪಿ>
</ಎಕ್ಸ್ಎಸ್ಎಲ್:ಟೆಂಪ್ಲೇಟ್>
```

ಎರಡನೇ ಆವರಣ ವಿಚಿತ್ರವಾಗಿ ಕಾಣುತ್ತದೆ: ಒಂದು ವಸ್ತು ತನಗೆ ತಾನೇ ಸಮವೇ ಎಂಬ ಪ್ರಶ್ನೆ. ಸಂಖ್ಯೆಯಾಗದ ಪಠ್ಯವನ್ನು ನಂಬರ್()ಗೆ ಕೊಟ್ಟರೆ ಬರುವ ಬೆಲೆ ನಾನ್, ಅಂದರೆ "ಸಂಖ್ಯೆಯಲ್ಲ" ಎಂಬ ಗುರುತು. ಅದು ತನಗೆ ತಾನೇ ಸಮವಲ್ಲದ ಏಕೈಕ ಬೆಲೆ. ಹಾಗಾಗಿ "ಸೋನೆ" ಎಂದು ಬರೆದ ಜುಲೈ 17 ಈ ಟೆಂಪ್ಲೇಟಿಗೆ ಹೊಂದುವುದೇ ಇಲ್ಲ, ಐಡೆಂಟಿಟಿಯ ಪಾಲಾಗಿ, ಅಳತೆಯೂ ಇಂಚೆಂದೇ ಉಳಿದು, ಹಾಗೇ ದಾಟಿಹೋಗುತ್ತದೆ. ಈ ಷರತ್ತು ಇಲ್ಲದಿದ್ದರೆ ಸೋನೆ ಹೋಗಿ ನಾನ್ ಅಂಟಿಕೊಳ್ಳುತ್ತಿತ್ತು. 2.0ರಿಂದ ಈಚೆಗೆ ನಂಬರ್() ಇಲ್ಲದೆ ನೇರವಾಗಿ ಗುಣಿಸಹೊರಟರೆ ನಾನ್ ಕೂಡ ಬರುವುದಿಲ್ಲ, ಎರರ್ ಬಂದು ಇಡೀ ಓಟವೇ ನಿಲ್ಲುತ್ತದೆ.

ಅಳತೆಯನ್ನು ಬದಲಿಸಲು ಪ್ರತ್ಯೇಕ ಟೆಂಪ್ಲೇಟ್ ಬರೆಯುವ ರೂಢಿಯೂ ಇದೆ. ಇಲ್ಲಿ ಅದು ಅಪಾಯ. ಸೋನೆಯ ದಿನ ಪಠ್ಯ ಹಾಗೇ ಉಳಿದು, ಆಟ್ರಿಬ್ಯೂಟ್ ಮಾತ್ರ ಮಿಮೀ ಆಗಿಬಿಡುತ್ತದೆ. ಎರಡೂ ಒಟ್ಟಿಗೆ ಬದಲಾಗಬೇಕು ಅಥವಾ ಎರಡೂ ಬದಲಾಗಬಾರದು ಎಂದಿದ್ದರೆ ಎರಡನ್ನೂ ಒಂದೇ ಟೆಂಪ್ಲೇಟಿನಲ್ಲಿಡುವುದೇ ನೆಟ್ಟಗೆ. ಮೊದಲು ಹಳೆಯ ಆಟ್ರಿಬ್ಯೂಟ್‌ಗಳನ್ನೆಲ್ಲ ನಕಲಿಸಿ ಅದರ ಮೇಲೆ ಅದೇ ಹೆಸರಿನ ಹೊಸದನ್ನು ಬರೆದರೆ ಕೊನೆಯದ್ದೇ ನಿಲ್ಲುತ್ತದೆ. ಕ್ರಮ ಮಾತ್ರ ಮುಖ್ಯ: ಪಠ್ಯವೋ ಮಕ್ಕಳೋ ಒಂದು ಸಲ ಬರೆಸಿದ ಮೇಲೆ ಆಟ್ರಿಬ್ಯೂಟ್ ಸೇರಿಸಲು ಹೋದರೆ ಎರರ್.

ಈ ಟೆಂಪ್ಲೇಟಿನದೂ ಒಂದು ಒರಟುತನವಿದೆ. ಮಳೆ ಟ್ಯಾಗ್‌ನ ಒಳಗೇ ಯಾರಾದರೂ ಕಮೆಂಟ್ ಇಟ್ಟಿದ್ದರೆ ಅದು ಹೋಗುತ್ತದೆ, ಏಕೆಂದರೆ ನಾವು ಮಕ್ಕಳನ್ನು ದಾಟಿಸದೆ ಅಂಕಿ ಮಾತ್ರ ಬರೆಯುತ್ತಿದ್ದೇವೆ. ಅಂಥ ಫೈಲ್ ಆದರೆ ಎಲಿಮೆಂಟ್ ಬಿಟ್ಟು ಅದರೊಳಗಿನ ಪಠ್ಯದ ನೋಡ್‌ಗೇ ಹೊಂದಿಸಬೇಕು. ಮೇಲೆ ಹೇಳಿದ ಜಿಲ್ಲೆಯ ಕಾಗುಣಿತಕ್ಕೂ ಅದೇ ದಾರಿ: ಜಿಲ್ಲೆ/ಟೆಕ್ಸ್ಟ್() ಎಂದು ಹೊಂದಿಸಿ, ಹಳೆಯ ಕಾಗುಣಿತ ಇದ್ದಲ್ಲಿ ಹೊಸ ಹೆಸರು ಬರೆಯುವುದು, ಮುಗಿಯಿತು.

ದಶಮಾಂಶದ ನಂತರ ಒಂದೇ ಸ್ಥಾನ ಸಾಕೇ? ಸಾಕು. ಒಂದು ಸೆಂಟ್ ಮಳೆ ಎಂದರೆ 0.254 ಮಿಲಿಮೀಟರ್. 0.1ಕ್ಕೆ ದುಂಡಾಗಿಸಿದಾಗ ಆಗುವ ತಪ್ಪು ಹೆಚ್ಚೆಂದರೆ 0.05, ಅಂದರೆ ಸೆಂಟಿನ ಕಾಲುಭಾಗಕ್ಕಿಂತ ಕಡಿಮೆ. ಬೇಕೆಂದಾಗ ಹಿಂದಕ್ಕೆ ಅದೇ ಸೆಂಟ್ ಪಡೆಯಬಹುದು. ತಿಂಗಳ ಮೊತ್ತವನ್ನು ಮಾತ್ರ ದುಂಡಾಗಿಸಿದ ದಿನಗಳನ್ನು ಕೂಡಿಸಿ ತೆಗೆಯಬೇಡಿ. ಇಂಚಿನಲ್ಲೇ ಕೂಡಿಸಿ ಒಂದು ಸಲ ಗುಣಿಸಿ.

ಜುಲೈ 16ರ "1-5" ಬೇರೆಯದೇ ಕಥೆ. ಅದು ಒಂದು ಇಂಚು ಐದು ಸೆಂಟ್, ಅಂದರೆ 1.05, ಅಂದರೆ 26.7 ಮಿಲಿಮೀಟರ್. ಅಡ್ಡಗೆರೆಯನ್ನು ಚುಕ್ಕಿ ಎಂದು ಬದಲಿಸಿ 1.5 ಮಾಡಿಕೊಂಡವರಿಗೆ 38.1 ಸಿಗುತ್ತದೆ. ಅದಕ್ಕೊಂದು ಬೇರೆ ಟೆಂಪ್ಲೇಟ್ ಬೇಕು: ಅಡ್ಡಗೆರೆಯ ಹಿಂದಿನದನ್ನು ಸಬ್‌ಸ್ಟ್ರಿಂಗ್-ಬಿಫೋರ್‌ನಿಂದ, ಮುಂದಿನದನ್ನು ಸಬ್‌ಸ್ಟ್ರಿಂಗ್-ಆಫ್ಟರ್‌ನಿಂದ ತೆಗೆದು, ಎರಡಕ್ಕೂ ನಂಬರ್() ಹಾಕಿ, ಎರಡನೆಯದನ್ನು 100ರಿಂದ ಭಾಗಿಸಿ ಕೂಡಿಸುವುದು. ಭಾಗಿಸಲು ಓರೆಗೆರೆ ಬಳಸುವಂತಿಲ್ಲ, ಮರದೊಳಗಿನ ನೋಡ್‌ಗಳನ್ನು ಗುರುತಿಸುವ ಭಾಷೆ ಎಕ್ಸ್‌ಪಾತ್‌ನಲ್ಲಿ ಅದು ದಾರಿಯ ಗುರುತು. ಡಿವ್ ಎಂದೇ ಬರೆಯಬೇಕು. ಬರೀ ಅಡ್ಡಗೆರೆ ಎಳೆದು ಮಳೆ ಇಲ್ಲ ಎಂದು ಸೂಚಿಸಿದ ದಿನಗಳೂ ಇರುತ್ತವೆ, ಹಾಗಾಗಿ ಈ ಟೆಂಪ್ಲೇಟಿಗೂ "ಸಂಖ್ಯೆ ಹೌದೇ" ಎಂಬ ಷರತ್ತು ಬೇಕೇ ಬೇಕು. ಪುಸ್ತಕದಲ್ಲಿ ಮೊದಲೇ ಚುಕ್ಕಿ ಹಾಕಿ 1.5 ಎಂದು ಬರೆದಿದ್ದರೆ ಅದು ಐದು ಸೆಂಟೋ ಐವತ್ತು ಸೆಂಟೋ ಎಂದು ಯಾವ ಸ್ಟೈಲ್‌ಶೀಟೂ (ಟೆಂಪ್ಲೇಟ್‌ಗಳಿರುವ ಫೈಲ್) ಹೇಳಲಾರದು. ಅದನ್ನು ರೈಟರನ್ನೇ ಕೇಳಬೇಕು.

ಎರಡು ಟೆಂಪ್ಲೇಟ್ ಒಂದೇ ನೋಡ್‌ಗೆ ಹೊಂದಿದರೆ ಗೆಲ್ಲುವುದು ಯಾವುದು ಎನ್ನುವುದಕ್ಕೆ ಅಂಕ ಇದೆ. ನೋಡ್() ಮತ್ತು @* ಇವಕ್ಕೆ -0.5. ಬರೀ ಹೆಸರಿಗೆ 0. ಷರತ್ತಿನ ಆವರಣವೋ ದಾರಿಯೋ ಸೇರಿದ ಕೂಡಲೇ 0.5. ಐಡೆಂಟಿಟಿ ಟೆಂಪ್ಲೇಟ್ ಎಲ್ಲಕ್ಕೂ ಹೊಂದಿದರೂ ಎಲ್ಲರಿಗೂ ದಾರಿ ಬಿಡುವುದು ಈ ಅಂಕದಿಂದಲೇ. ಫೈಲ್‌ನಲ್ಲಿ ಅದು ಮೇಲಿದೆಯೋ ಕೆಳಗಿದೆಯೋ ಲೆಕ್ಕಕ್ಕಿಲ್ಲ. ಆದರೆ ಆವರಣ ಒಂದಿದ್ದರೂ 0.5, ಮೂರಿದ್ದರೂ 0.5. ಷರತ್ತು ಹೆಚ್ಚಿದ್ದದ್ದು ಗೆಲ್ಲುತ್ತದೆ ಎಂದು ನಂಬಿದರೆ ಕೆಟ್ಟಿರಿ. ಸಮ ಬಂದಾಗ ಸಾಮಾನ್ಯವಾಗಿ ಫೈಲ್‌ನಲ್ಲಿ ಕೊನೆಗೆ ಬಂದದ್ದು ಗೆಲ್ಲುತ್ತದೆ, ಎರರ್ ಕೊಡುವ ಹಕ್ಕೂ ಸ್ಟೈಲ್‌ಶೀಟ್ ಓಡಿಸುವ 1.0 ಪ್ರೊಸೆಸರ್‌ಗೆ ಇದೆ. ಅನುಮಾನ ಇದ್ದಲ್ಲಿ ಪ್ರಯಾರಿಟಿ ಎಂದು ನಾವೇ ಅಂಕ ಕೊಟ್ಟುಬಿಡುವುದು ಮೇಲು.

ತೆಗೆದುಹಾಕುವುದು ಎಲ್ಲಕ್ಕಿಂತ ಸುಲಭ: ಹೊಂದಿಸಿ, ಒಳಗೆ ಏನೂ ಬರೆಯದೆ ಖಾಲಿ ಬಿಡಿ. ಅದರ ಹಿಂದಿದ್ದ ಸಾಲುಬದಲಾವಣೆ ಪ್ರತ್ಯೇಕ ಪಠ್ಯದ ನೋಡ್ ಆದ್ದರಿಂದ ಒಂದು ಖಾಲಿ ಸಾಲು ಉಳಿಯುತ್ತದೆ, ಅಷ್ಟೇ. ಅದನ್ನು ಚಂದ ಮಾಡಲು ಇಂಡೆಂಟ್‌ಗೆ ಯೆಸ್ ಎಂದು ಕೊಡಬೇಡಿ. ಆಗ ಮುಟ್ಟಬಾರದ ಕಡೆಯೆಲ್ಲ ಜಾಗ ಸೇರುತ್ತದೆ.

ಫೈಲ್ ಯಾವುದಾದರೂ ಸಾಫ್ಟ್‌ವೇರ್‌ನಿಂದ ಬಂದಿದ್ದರೆ ಬೇರಿನ ಟ್ಯಾಗ್‌ನಲ್ಲಿ ಪ್ರಿಫಿಕ್ಸ್ ಇಲ್ಲದ ನೇಮ್‌ಸ್ಪೇಸ್ (ಹೆಸರು ಯಾವ ಗುಂಪಿನದೆಂದು ಹೇಳುವ ವಿಳಾಸ) ಇರುವುದುಂಟು. ಕಣ್ಣಿಗೆ ಟ್ಯಾಗ್ ಬರೀ ಮಳೆ, ಆದರೆ ಅದರ ಪೂರ್ಣ ಹೆಸರಿನಲ್ಲಿ ಆ ವಿಳಾಸವೂ ಸೇರಿದೆ; 1.0ರಲ್ಲಿ ಮ್ಯಾಚ್‌ನಲ್ಲಿ ಬರೆದ ಬರೀ ಮಳೆ ಎಂದರೆ ಯಾವ ನೇಮ್‌ಸ್ಪೇಸೂ ಇಲ್ಲದ ಮಳೆ. ಹೊಂದುವುದಿಲ್ಲ, ಫೈಲ್ ಅಕ್ಷರಶಃ ಹಾಗೇ ಹೊರಬರುತ್ತದೆ. ಸ್ಟೈಲ್‌ಶೀಟ್‌ನಲ್ಲಿ ಅದೇ ವಿಳಾಸಕ್ಕೆ ಒಂದು ಪ್ರಿಫಿಕ್ಸ್ ಕಟ್ಟಿ, ತೋ:ಮಳೆ ಎಂದು ಬರೆಯಬೇಕು. ಡೇಟಾದಲ್ಲಿ ಪ್ರಿಫಿಕ್ಸ್ ಇಲ್ಲದಿದ್ದರೂ ಇದು ಸರಿ, ಹೋಲಿಕೆ ನಡೆಯುವುದು ವಿಳಾಸದಿಂದ.

ಕನ್ನಡ ಟ್ಯಾಗ್ ಬಳಸುವವರಿಗೆ ಇನ್ನೂ ಒಂದು ಪದರ ಇದೆ, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇದು ಕಾಣಸಿಗುವುದು ಅಪರೂಪ. ತೋಟ ಎಂಬ ಪದದ "ತೋ" ಯೂನಿಕೋಡ್‌ನಲ್ಲಿ ಎರಡು ರೀತಿ ಬರಬಹುದು: ತ ಜೊತೆಗೆ ಒಂದೇ ಸಂಕೇತದ ಓತ್ವ, ಅಥವಾ ತ ಜೊತೆಗೆ ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಮೂರು ಬಿಡಿ ಸಂಕೇತ. ತೆರೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎಕ್ಸ್‌ಎಂಎಲ್‌ಗೆ ಅವು ಬೇರೆಬೇರೆ ಹೆಸರು. ಈ, ಏ, ಐ, ಒ ಸ್ವರಚಿಹ್ನೆಗಳಿಗೂ ಇದೇ ಪಾಡು. 2.0ರಲ್ಲಿ ನಾರ್ಮಲೈಜ್-ಯೂನಿಕೋಡ್ ಎಂಬ ಫಂಕ್ಷನ್ ಇದೆ; ಮ್ಯಾಚ್ ಷರತ್ತಿನಲ್ಲಿ ಟ್ಯಾಗ್ ಹೆಸರನ್ನು ಅದಕ್ಕೆ ಕೊಟ್ಟು ಹೋಲಿಸಬಹುದು. 1.0ರವರು ಮೊದಲೇ ಫೈಲ್ ಅನ್ನು ಒಂದೇ ರೂಪಕ್ಕೆ ತರಬೇಕು.

ಇನ್ನೊಂದು, ಕಾಣದ ಅಕ್ಷರ. ನುಡಿ, ಬರಹ ಸಾಫ್ಟ್‌ವೇರ್‌ಗಳಿಂದ ಪರಿವರ್ತಿಸಿದ ಪಠ್ಯದಲ್ಲಿ ಅರ್ಧಾಕ್ಷರದ ಬೆನ್ನಿಗೆ ಶೂನ್ಯ ಅಗಲದ ಬಿಡಿಸುವ ಚಿಹ್ನೆ ಉಳಿದಿರುವುದುಂಟು. "ಬ್ಲಾಕ್" ಎಂಬ ಟ್ಯಾಗ್ ಕೊನೆಯಲ್ಲಿ ಅದು ಕೂತಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಟೆಂಪ್ಲೇಟಿಗೆ ಹೊಂದುವುದೂ ಇಲ್ಲ. ಜೊತೆಗೆ, ಟ್ಯಾಗ್ ಹೆಸರಿನಲ್ಲಿ ಆ ಚಿಹ್ನೆಗೆ ಅನುಮತಿ ಸಿಕ್ಕಿದ್ದೇ ಎಕ್ಸ್‌ಎಂಎಲ್ 1.0ರ ಐದನೇ ಪರಿಷ್ಕರಣೆಯಲ್ಲಿ, 2008ರಲ್ಲಿ. ಅದಕ್ಕೂ ಹಿಂದಿನ ನಿಯಮ ಪಾಲಿಸುವ ಪಾರ್ಸರ್ (ಎಕ್ಸ್‌ಎಂಎಲ್ ಓದುವ ಸಾಫ್ಟ್‌ವೇರ್) ಫೈಲ್ ತೆರೆಯಲೇ ಒಪ್ಪುವುದಿಲ್ಲ. ಟ್ಯಾಗ್‌ಗೆ ಹೆಸರಿಡುವಾಗಲೇ ಮಳೆ, ದಿನ, ಅಳತೆಯಂಥ ಸ್ವರಾಂತ ಪದ ಆರಿಸಿಕೊಂಡರೆ ಈ ತಲೆನೋವೇ ಇಲ್ಲ.

ಕನ್ನಡ ಅಂಕಿಗಳೂ ಹಾಗೇ. ೦.೮೦ ನಮಗೆ ಎಂಬತ್ತು ಸೆಂಟ್, ನಂಬರ್()ಗೆ ನಾನ್. ಟ್ರಾನ್ಸ್‌ಲೇಟ್(., '೦೧೨೩೪೫೬೭೮೯', '0123456789') ಎಂದು ಮೊದಲು ದಾಟಿಸಿ ಆಮೇಲೆ ನಂಬರ್() ಮಾಡಬೇಕು, ಅದೂ ಮ್ಯಾಚ್‌ನ ಷರತ್ತು ಮತ್ತು ಲೆಕ್ಕ ಎರಡೂ ಕಡೆ. ಫಲಿತಾಂಶ ಮತ್ತೆ ಕನ್ನಡ ಅಂಕಿಯಲ್ಲೇ ಬೇಕಿದ್ದರೆ ಡೆಸಿಮಲ್-ಫಾರ್ಮ್ಯಾಟ್‌ನಲ್ಲಿ ಜೀರೋ-ಡಿಜಿಟ್ ಆಗಿ ೦ ಕೊಟ್ಟು, ಮಾದರಿಯನ್ನೂ '೦.೦' ಎಂದೇ ಬರೆಯಿರಿ.

ಇಷ್ಟೆಲ್ಲ ಮಾಡಿಯೂ "ಇದ್ದ ಹಾಗೇ" ಎಂಬುದಕ್ಕೆ ಒಂದು ಮಿತಿ ಇದೆ. ಎಕ್ಸ್‌ಎಸ್‌ಎಲ್‌ಟಿ ನೋಡುವುದು ಪಾರ್ಸರ್ ಓದಿ ಕಟ್ಟಿಕೊಟ್ಟ ಮರವನ್ನು, ಫೈಲ್‌ನ ಅಕ್ಷರಗಳನ್ನಲ್ಲ. ಆಟ್ರಿಬ್ಯೂಟ್‌ಗೆ ಒಂಟಿ ಉದ್ಧರಣ ಚಿಹ್ನೆ ಇತ್ತೋ ಜೋಡಿಯೋ, ಖಾಲಿ ಟ್ಯಾಗ್ ಒಂದೇ ಆಗಿತ್ತೋ ತೆರೆದು ಮುಚ್ಚಿತ್ತೋ, ಪಠ್ಯ ಸಿಡೇಟಾದೊಳಗೆ (ಟ್ಯಾಗ್ ಎಂದು ಓದಬೇಡ ಎಂದು ಸುತ್ತಿಟ್ಟ ಭಾಗ) ಇತ್ತೋ ಇಲ್ಲವೋ, ಇವು ಯಾವುದೂ ಮರದಲ್ಲಿಲ್ಲ. ಬರೆಯುವಾಗ ಪ್ರೊಸೆಸರ್ ತನ್ನಿಷ್ಟದಂತೆ ಬರೆಯುತ್ತದೆ. ಡಾಕ್‌ಟೈಪ್ ಸಾಲು ಬಿದ್ದುಹೋಗುತ್ತದೆ, ಬೇಕಿದ್ದರೆ ಔಟ್‌ಪುಟ್ ಘೋಷಣೆಯಲ್ಲಿ ಮತ್ತೆ ಕೊಡಬೇಕು. ಸಿಡೇಟಾ ಬೇಕಾದ ಟ್ಯಾಗ್‌ಗಳನ್ನೂ ಅಲ್ಲೇ ಹೆಸರಿಸಬಹುದು. ಎನ್‌ಕೋಡಿಂಗ್ ಯುಟಿಎಫ್-8 ಎಂದೇ ಇರಲಿ. ಆಸ್ಕಿ ಎಂದು ಕೊಟ್ಟರೆ ಪ್ರತಿ ಕನ್ನಡ ಅಕ್ಷರವೂ ಆಂಪರ್‌ಸ್ಯಾಂಡ್ ಹಾಕಿದ ಸಂಖ್ಯೆಯಾಗಿ ಹೊರಬರುತ್ತದೆ. ಕನ್ನಡದ ಟ್ಯಾಗ್ ಹೆಸರಿಗಂತೂ ಆ ಉಪಾಯವೂ ಇಲ್ಲ.

ಹಾಗಾಗಿ ಹಳೆಯ ಫೈಲ್ ಮತ್ತು ಹೊಸ ಫೈಲ್ ನಡುವೆ ನೇರ ಡಿಫ್ ಹೊಡೆದರೆ ಬೇಡದ ವ್ಯತ್ಯಾಸವೇ ಹೆಚ್ಚು ಕಾಣುತ್ತದೆ. ಎರಡನ್ನೂ ಎಕ್ಸ್‌ಎಂಎಲ್‌ಲಿಂಟ್‌ನ ಸಿ14ಎನ್ ಆಯ್ಕೆಯಿಂದ ಕೆನಾನಿಕಲ್ ರೂಪಕ್ಕೆ ತಂದು ಹೋಲಿಸಿ. ಅದು ಆಟ್ರಿಬ್ಯೂಟ್‌ಗಳನ್ನು ಒಂದೇ ಕ್ರಮಕ್ಕೆ, ಉದ್ಧರಣ ಚಿಹ್ನೆಗಳನ್ನು ಒಂದೇ ಬಗೆಗೆ ತರುತ್ತದೆ. ಖಾಲಿ ಟ್ಯಾಗ್ ಬಿಡಿಸುತ್ತದೆ, ಕಮೆಂಟ್ ಉಳಿಸುತ್ತದೆ. ಮೊದಲ ಓಟ ಬರೀ ಐಡೆಂಟಿಟಿ ಟೆಂಪ್ಲೇಟ್‌ನದ್ದಾಗಿರಲಿ, ಆಗ ಡಿಫ್ ಖಾಲಿ ಬರಬೇಕು. ಬರದಿದ್ದರೆ ಮುಂದೆ ಹೋಗುವುದು ವ್ಯರ್ಥ. ಆಮೇಲೆ ಮಳೆಯ ಟೆಂಪ್ಲೇಟ್‌ಗಳನ್ನು ಸೇರಿಸಿ. ನಮ್ಮ ಮೂರು ದಿನದ ಫೈಲ್‌ನಲ್ಲಿ ಬದಲಾಗಬೇಕಾದ್ದು ಎರಡು ಸಾಲು: 15ರದ್ದು 59.7, 16ರದ್ದು 26.7. ಟಿಪ್ಪಣಿಯ 2.35 ಡಿಫ್‌ನಲ್ಲಿ ಕಂಡರೆ ಷರತ್ತು ಸಡಿಲವಾಗಿದೆ. ಇಡೀ ವರ್ಷದ ಪುಸ್ತಕವಾದರೆ ಓಟದ ನಂತರವೂ ಇಂಚೆಂದೇ ಉಳಿದ ಮಳೆಗಳನ್ನು ಎಕ್ಸ್‌ಪಾತ್‌ನ ಕೌಂಟ್()ನಿಂದ ಎಣಿಸಿ. ಆ ಪಟ್ಟಿಯೇ ಕೈಯಿಂದ ನೋಡಬೇಕಾದ ದಿನಗಳು.

ಓಡಿಸಲು ಉಬುಂಟುವಿನಲ್ಲಿ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಸಾಕು, ಅದಕ್ಕೆ 1.0 ಮಾತ್ರ ಬರುತ್ತದೆ. 2.0, 3.0 ಬೇಕಿದ್ದರೆ ಸ್ಯಾಕ್ಸನ್, ಅದರ ಎಚ್‌ಇ ಆವೃತ್ತಿ ಉಚಿತ. ಫಲಿತಾಂಶವನ್ನು ಯಾವತ್ತೂ ಬೇರೆ ಹೆಸರಿಗೆ ಬರೆಸಿ. ಬಾಣದ ಗುರುತು ಹಾಕಿ ಅದೇ ಫೈಲ್‌ಗೆ ತಿರುಗಿಸಿದರೆ, ಪ್ರೊಸೆಸರ್ ಓದಲು ಶುರುಮಾಡುವ ಮೊದಲೇ ಶೆಲ್ ಫೈಲ್ ಖಾಲಿ ಮಾಡಿರುತ್ತದೆ. ವಿಂಡೋಸ್‌ನ ಪವರ್‌ಶೆಲ್ 5.1ರಲ್ಲಿ ಬಾಣದ್ದು ಇನ್ನೊಂದು ಕಿತಾಪತಿ: ಬರೆಯುವುದು ಯುಟಿಎಫ್-16ರಲ್ಲಿ, ಫೈಲ್‌ನ ಮೊದಲ ಸಾಲು ಮಾತ್ರ ಯುಟಿಎಫ್-8 ಎನ್ನುತ್ತಿರುತ್ತದೆ, ನಡುವೆ ಕನ್ನಡವೂ ಕಲಸಿಹೋಗಿರುತ್ತದೆ. ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೂ ಸ್ಯಾಕ್ಸನ್‌ಗೂ ಔಟ್‌ಪುಟ್ ಫೈಲ್ ಹೇಳುವ ಆಯ್ಕೆ ಇದೆ, ಅದನ್ನೇ ಬಳಸಿ.